ಡ್ರೈವರ್ ಹಿಂದೆ ಕೂರುವ ಗಾಡಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? 'ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಕೆರೆಯ ಮೇಲೆ ಮಂಜು ಕವಿದಿತ್ತು' ಎಂದು ಬರೆದೆ. ಹೊಡೆದುಹಾಕಿದೆ. ಕಥೆಯಲ್ಲಿ ಕೆರೆಯ ಮೇಲೆ ಮಂಜು ಕವಿದರೆ ಎರಡನೇ ಪುಟದೊಳಗೆ ಯಾರಾದರೂ ಸಾಯಬೇಕಾಗುತ್ತದೆ. ಇಲ್ಲಿ ಯಾರೂ ಸಾಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸಾವಿಗಾಗಿ ಬಂದವರು ಈಗಲೇ ಎದ್ದು ಹೋಗಬಹುದು.

'ಅಲಾರಾಂ ಹೊಡೆಯಿತು, ಹರ್ಷಿತಾ ಎದ್ದಳು' ಎಂದು ಬರೆದೆ. ಅದನ್ನೂ ಹೊಡೆದೆ. ಹರ್ಷಿತಾ ಅಲಾರಾಂಗೆಲ್ಲ ಏಳುವವಳಲ್ಲ.

ಜಗಳದಿಂದ ಶುರು ಮಾಡೋಣ. ಜಗಳಕ್ಕೆ ಪೀಠಿಕೆ ಬೇಕಾಗುವುದಿಲ್ಲ.

೨

"ಇಂದೆ ಕೂತ್ಕೊಂಡು ಗಾಡಿ ಓಡ್ಸೋದು ಪ್ರಪಂಚದಲ್ಲಿ ಎಲ್ಲಾದ್ರೂ ಐತೇನ್ರಿ?" ಅಂದರು ಅಶ್ವತ್ಥಪ್ಪ.

ಅಶ್ವತ್ಥಪ್ಪನವರು ಹರ್ಷಿತಾಳ ಅಪ್ಪ. ಅರವತ್ಮೂರು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಸುಮ್ಮನೆ ಕೂರಲಾಗದೆ ಒಂದು ಹಳದಿ ವ್ಯಾನು ತೆಗೆದುಕೊಂಡು, ವಿದ್ಯಾರಣ್ಯಪುರದ ಹದಿನಾಲ್ಕು ಮಕ್ಕಳನ್ನು ದಿನಾ ಯಲಹಂಕದ ಒಂದು ಶಾಲೆಗೆ ಬಿಟ್ಟು ಕರೆದುಕೊಂಡು ಬರುತ್ತಾರೆ. ಸದ್ಯ ಅವರ ಎದುರಿಗೆ ಇದ್ದದ್ದು ವ್ಯಾನಲ್ಲ, ಕನೂ. ಗಾಳಿ ತುಂಬಿದ, ಎರಡೂ ತುದಿ ಚೂಪಾದ, ಇಬ್ಬರು ಒಬ್ಬರ ಹಿಂದೊಬ್ಬರು ಕೂರುವ ಉದ್ದನೆಯ ದೋಣಿ. ಅದರಲ್ಲಿ ಟೆಂಟು, ಚಾಪೆ, ಊಟ ಹೇರಿಕೊಂಡು, ಹುಟ್ಟು ಹಾಕುತ್ತ ಮೂರು ಕಿಲೋಮೀಟರು ಆಚೆಯ ದಡಕ್ಕೆ ಹೋಗಿ, ರಾತ್ರಿ ಅಲ್ಲೇ ಇದ್ದು, ಮರುದಿನ, ಅಂದರೆ ಹೊಸ ವರ್ಷದ ಬೆಳಿಗ್ಗೆ, ವಾಪಸ್ ಬರಬೇಕು.

(ಕೆರೆ ದೊಡ್ಡಬಳ್ಳಾಪುರದ ಆಚೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ನೀವೆಲ್ಲ ಚಿಪ್ಸ್ ಪ್ಯಾಕೆಟ್ ಹಿಡಿದು ಅಲ್ಲಿರುತ್ತೀರಿ.)

ದೋಣಿಗಳನ್ನು ಬಾಡಿಗೆಗೆ ಕೊಡುವ ಭೀಮರಾಜ್ ತಾಳ್ಮೆಯ ಮನುಷ್ಯ. "ಸಾರ್, ಕನೂ ಅಂದ್ರೆ ಹಂಗೇ. ಹಿಂದೆ ಕೂತೋರೇ ದಿಕ್ಕು ತಿರುಗ್ಸೋದು. ಮುಂದೆ ಕೂತೋರು ನೀರು ಎಳೀತಾ ಇರ್ಬೇಕು ಅಷ್ಟೇ."

"ಇಂದೆ ಕೂರೋನು ಕಂಡಕ್ಟರ್ರು ಕಣಯ್ಯ. ಕಂಡಕ್ಟರ್ ಕೈಗೆ ಸ್ಟೇರಿಂಗ್ ಕೊಟ್ಟು ಯಾವ ಡಿಪೋದೋರು ಗಾಡಿ ಈಚೆಗೆ ಬಿಡ್ತಾರೆ?"

"ಅಪ್ಪ, ಅವ್ರು ಹೇಳ್ತಿರೋದು ಕರೆಕ್ಟು. ನಾನು ವಿಡಿಯೋ ನೋಡಿದೀನಿ," ಅಂದಳು ಹರ್ಷಿತಾ.

"ನೀನು ವಿಡಿಯೋ ನೋಡಿದೀಯ. ನಾನು ಯಶವಂತಪುರದ ಸರ್ಕಲ್ ನೋಡಿದೀನಿ. ನಡಿ ಇಂದೆ."

ಅವರು ಮುಂದೆ ಕೂತರು. ಬೆನ್ನು ನೆಟ್ಟಗೆ ಮಾಡಿ, ಕನ್ನಡಿ ಸರಿಪಡಿಸುವವರಂತೆ ಒಮ್ಮೆ ಕೈ ಮೇಲೆತ್ತಿ, ಅಲ್ಲಿ ಏನೂ ಇಲ್ಲದ್ದರಿಂದ ಕೈ ಇಳಿಸಿದರು. ಹೀಗೆ ಡ್ರೈವರ್ ಸೀಟು ಬಿಡದೆ ಹಿಡಿದುಕೊಂಡಿದ್ದರಿಂದಲೇ ಸ್ಟೇರಿಂಗು ಮಗಳ ಕೈಗೆ ಹೋಯಿತು.

(ಇದರಲ್ಲಿ ಸಂಕೇತ ಹುಡುಕಬೇಡಿ. ಬಸ್ ಡ್ರೈವರ್ ಮುಂದೆ ಕೂರುತ್ತಾನೆ, ಅಷ್ಟೇ.)

೩

ಹೊಸ ವರ್ಷಕ್ಕೆಂದು ಹರ್ಷಿತಾ ಫೋನಿನಲ್ಲಿ ಒಂದು ಪಟ್ಟಿ ಮಾಡಿದ್ದಳು. ಅದನ್ನು ರೆಸಲ್ಯೂಷನ್ ಅನ್ನಬಾರದು, ಇಂಟೆನ್ಷನ್ ಅನ್ನಬೇಕು ಎಂದು ಆಫೀಸಿನ ಯಾವುದೋ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ರೆಸಲ್ಯೂಷನ್ ಮುರಿದರೆ ಸೋತ ಹಾಗೆ. ಇಂಟೆನ್ಷನ್ ಮುರಿದರೆ ಪರವಾಗಿಲ್ಲ, ಮನಸ್ಸಂತೂ ಒಳ್ಳೆಯದಿತ್ತಲ್ಲ.

ಪಟ್ಟಿ: ಟೀಗೆ ಸಕ್ಕರೆ ಬಿಡುವುದು. ಈಜು ಕಲಿಯುವುದು. ಗೋಡೆ, ಸ್ಕ್ರೀನು ಎರಡೂ ಇಲ್ಲದ ಕಡೆ ಆಗಾಗ ಮಲಗುವುದು. ಅಪ್ಪನಿಗೆ ಹೇಳುವುದು.

ಏನು ಹೇಳುವುದು ಎಂಬುದನ್ನು ಕೊನೆಯವರೆಗೂ ಮುಚ್ಚಿಟ್ಟು ನಿಮ್ಮನ್ನು ಆಡಿಸಬಹುದಿತ್ತು. ಅಂಥ ಕಥೆಗಳನ್ನು ಓದಿ ನನಗೇ ಸಾಕಾಗಿದೆ. ವಿಷಯ ಇಷ್ಟು: ಡಿಸೆಂಬರಿನಲ್ಲಿ ಅಶ್ವತ್ಥಪ್ಪನವರನ್ನು ಬಲವಂತವಾಗಿ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಳು. ಫಾರಂನಲ್ಲಿ ಅವರು ಎಂದಿನಂತೆ ಮಗಳ ನಂಬರ್ ಬರೆಸಿದರು. ರಿಪೋರ್ಟು ಅವಳ ಫೋನಿಗೆ ಬಂತು. ಡಾಕ್ಟರೂ ಅವಳಿಗೇ ಫೋನ್ ಮಾಡಿದರು. ಗ್ಲಾಕೋಮಾ. ಎಡಗಣ್ಣಿನ ಅಂಚಿನ ನೋಟ ಹೆಚ್ಚುಕಡಿಮೆ ಹೋಗಿದೆ, ಬಲಗಣ್ಣಿನದು ಶುರುವಾಗಿದೆ. ಹೋದದ್ದು ವಾಪಸ್ ಬರುವುದಿಲ್ಲ. ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬಹುದು. "ಅವರು ಗಾಡಿ ಏನಾದ್ರೂ ಓಡಿಸ್ತಾರಾ?" ಎಂದು ಡಾಕ್ಟರು ಕೇಳಿದ್ದರು.

ವ್ಯಾನಿನ ಬಾಗಿಲು ಎಡಗಡೆ. ಮಕ್ಕಳು ಇಳಿಯುವುದು ಎಡಗಡೆ.

ಇದೆಲ್ಲ ಆಗಿ ಹತ್ತೊಂಬತ್ತು ದಿನ. ಕ್ರಿಸ್ಮಸ್ ರಜೆ ಸಿಕ್ಕಿದ್ದು ಅವಳ ಪುಣ್ಯ. ಜನವರಿ ಎರಡಕ್ಕೆ ಶಾಲೆ ಶುರು.

ತಮಾಷೆಯೆಂದರೆ ಇಂಥದ್ದನ್ನು ಹೇಳುವುದೇ ಹರ್ಷಿತಾಳ ಕೆಲಸ. ಇಪ್ಪತ್ತೇಳರ ಅವಳು ಹೆಬ್ಬಾಳದ ಒಂದು ಕಂಪನಿಯಲ್ಲಿ ಎಚ್‌ಆರ್. ಆ ವರ್ಷ ಹನ್ನೊಂದು ಜನರನ್ನು ಗಾಜಿನ ರೂಮಿಗೆ ಕರೆದು, ನಾಳೆಯಿಂದ ಬರಬೇಡಿ ಎಂದು ಹೇಳಿದ್ದಳು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಒಂದು ನೀರಿನ ಬಾಟ್ಲು, ಒಂದು ಟಿಶ್ಯೂ ಡಬ್ಬ. ಚೆನ್ನಾಗಿ ಹೇಳುತ್ತಾಳೆ ಎಂದು ಹೆಸರು ಬಂದಿತ್ತು. ಹನ್ನೆರಡನೆಯವರು ಮಾತ್ರ ದಿನಾ ಬೆಳಿಗ್ಗೆ ಅವಳಿಗೆ ಟೀ ಮಾಡಿ ಕೊಡುತ್ತಿದ್ದರು. ಮನೆಯಲ್ಲಿ ಗಾಜಿನ ರೂಮೂ ಇರಲಿಲ್ಲ.

ಮನೆಯಿಂದ ದೂರ, ಎದ್ದು ಹೋಗಲಾಗದಂಥ ಜಾಗದಲ್ಲಿ ಹೇಳಬೇಕು ಎಂದುಕೊಂಡಳು. ಕೆರೆಯ ನಡುವೆ ಯಾರೂ ಎದ್ದು ಹೋಗಲಾರರು.

೩ (ಇನ್ನೊಮ್ಮೆ)

ಮೊದಲ ಕರಡಿನಲ್ಲಿ ಹರ್ಷಿತಾಳ ಅಮ್ಮ ಸೊಣ್ಣಮ್ಮ ತೀರಿಹೋಗಿದ್ದರು. ಅಪ್ಪ–ಮಗಳ ಕಥೆಯಲ್ಲಿ ಅಮ್ಮ ಇಲ್ಲದಿದ್ದರೆ ಬರೆಯುವವನಿಗೆ ಅನುಕೂಲ. ಆದರೆ ದೋಣಿ ದಡ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಅವರದೇ ಫೋನು ಬಂತು. ಅಶ್ವತ್ಥಪ್ಪ ಹುಟ್ಟನ್ನು ಕಾಲ ಮೇಲೆ ಅಡ್ಡ ಇಟ್ಟು ಸ್ಪೀಕರ್ ಹಾಕಿದರು.

"ಎಲ್ಲಿದೀರಾ?"

"ನೀರಲ್ಲಿ."

"ನೀರಿಗೆ ಇಳೀಬೇಡಿ ಅಂತ ಹೇಳಿದ್ನಲ್ರೀ."

"ಇಳಿದಿಲ್ಲ ಕಣೇ, ಮೇಲೈದೀವಿ. ದೋಣಿ."

"ಅದೇ, ಇಳೀಬೇಡಿ. ಕುಕ್ಕರ್ ಇಟ್ಟಿದೀನಿ, ವಿಷಲ್ ಸ್ವೆಟರ್ ಜೇಬಲ್ಲೈತೆ. ಹರ್ಷಿಗೆ ಕಿವಿಗೆ ಹತ್ತಿ ಇಟ್ಕೊಳ್ಳಕ್ಕೆ ಹೇಳಿ. ನಿಮ್ಮ ಮಗಳಿಗೆ ಬುದ್ಧಿ ಇಲ್ಲ, ನಿಮಗೆ ಇರ್ಲಿಲ್ಲ."

ಹೀಗೆ ಮಾತಾಡುವವರನ್ನು ಸಾಯಿಸುವುದು ನನ್ನ ಕೈಲಿ ಆಗಲಿಲ್ಲ. ಸೊಣ್ಣಮ್ಮನವರು ಬದುಕಿದ್ದಾರೆ. ಕುಕ್ಕರೂ ದೋಣಿಯಲ್ಲಿದೆ.

೪

ಈಗ ನಾನು ಒಂದು ಬಂಡೆ ಇಡಬೇಕಿತ್ತು. ಪ್ಲಾನು ಇದ್ದದ್ದೇ ಹಾಗೆ: ಎಡಗಡೆ, ನೀರಿಂದ ಒಂದಡಿ ಮೇಲೆದ್ದ ಬಂಡೆ. ಅಪ್ಪ ನೋಡುವುದಿಲ್ಲ, ದೋಣಿ ಗುದ್ದುತ್ತದೆ, ಸತ್ಯ ಬಯಲಾಗುತ್ತದೆ, ಇಬ್ಬರೂ ಅಳುತ್ತಾರೆ.

"ಏನಯ್ಯಾ ಕತೆ ಬರಿಯೋನೇ," ಅಂದರು ಅಶ್ವತ್ಥಪ್ಪ. "ಮೂವತ್ತೊಂದು ವರ್ಷ ನಾನು ಒಂದು ಸೈಡ್ ಮಿರರ್ ಮುರಿದಿಲ್ಲ. ಬೆಳ್ಳಿ ಪದಕ ಕೊಟ್ಟವ್ರೆ, ಅಪಘಾತರಹಿತ ಅಂತ. ನಿನ್ನ ಕತೆ ಮುಂದಕ್ಕೆ ಓಗ್ಬೇಕು ಅಂತ ನಾನು ಬಂಡೆಗೆ ಗುದ್ದಬೇಕಾ?"

"ಆದರೆ ನಿಮಗೆ ಎಡಗಡೆ..."

"ಗುರು, ಒಂದ್ನಿಮಿಷ." ಇದು ಹರ್ಷಿತಾ. "ಅದನ್ನ ಹೇಳ್ಬೇಕಾದೋಳು ನಾನು. ನೀವ್ಯಾಕೆ ಮಧ್ಯ ಬರ್ತೀರಾ? ಮೊದಲೇ ನನ್ನನ್ನ ಹತ್ತೊಂಬತ್ತು ದಿನ ಹೇಡಿ ಮಾಡಿ ಕೂರ್ಸಿದೀರಾ."

ಹತ್ತೊಂಬತ್ತು ದಿನ ನಾನು ಮಾಡಿದ್ದಲ್ಲ ಎಂದು ಹೇಳಬೇಕೆಂದಿದ್ದೆ. ಅದರ ಬದಲು ಬಂಡೆ ತೆಗೆದುಹಾಕಿದೆ.

೫

ಬಂಡೆ ಇಲ್ಲದಿದ್ದರೂ ಬಲೆ ಇತ್ತು. ಇದನ್ನು ನಾನು ಇಟ್ಟದ್ದಲ್ಲ. ಮೀನು ಹಿಡಿಯುವವರು ಇಟ್ಟದ್ದು. ಎಡಗಡೆ ನೀರಿನ ಮೇಲೆ ಸಾಲಾಗಿ, ಬಲೆಗೆ ಕಟ್ಟಿದ ಬಿಳಿ ಥರ್ಮಾಕೋಲಿನ ತುಂಡುಗಳು ತೇಲುತ್ತಿದ್ದವು. ಹರ್ಷಿತಾ ಅವನ್ನು ದೂರದಿಂದಲೇ ನೋಡಿದಳು. ಅಪ್ಪನೂ ನೋಡಿರುತ್ತಾರೆ, ಹುಟ್ಟನ್ನು ಬಲಕ್ಕೆ ಬದಲಾಯಿಸುತ್ತಾರೆ ಎಂದು ಕಾದಳು. ಕಾದದ್ದು ತಪ್ಪೋ, ಬೇಕೆಂದೇ ಕಾದಳೋ, ಅವಳಿಗೇ ಗೊತ್ತಿಲ್ಲ. ಅಶ್ವತ್ಥಪ್ಪ ಖುಷಿಯಾಗಿ ಎಡಗಡೆ ಹುಟ್ಟು ಇಳಿಸಿದರು. ಅದು ಬಲೆಯಲ್ಲಿ ಸಿಕ್ಕಿಕೊಂಡಿತು. ದೋಣಿ ನಿಂತಿತು.

"ಇಂದೆ ಇರೋಳು ನೋಡ್ಕೋಬೇಕಲ್ವಾ! ನೀನೇ ಡ್ರೈವರ್ ಅಂದ್ರು."

"ಅಪ್ಪ, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು."

ಅಶ್ವತ್ಥಪ್ಪ ಬಲೆ ಬಿಡಿಸುವುದನ್ನು ನಿಲ್ಲಿಸಿದರು. ಹುಟ್ಟಿದಾಗಿನಿಂದ ಇವಳು ಅವರನ್ನು ನೀನು ಅಂದವಳು. "ನೀವು ಅಂತಿದೀಯ. ಏನೋ ಐತೆ."

ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಗಾಜಿನ ರೂಮಿನ ಮಾತುಗಳೇ ಬಾಯಿಗೆ ಬಂದವು. "ಮೊದಲನೆಯದಾಗಿ, ಇಷ್ಟು ವರ್ಷ ನೀವು ಮಾಡಿರೋ ಕೆಲಸಕ್ಕೆ ನಾವೆಲ್ಲ ತುಂಬಾ ಕೃತಜ್ಞರಾಗಿದೀವಿ."

"ಯಾರಮ್ಮಾ ಸತ್ತಿದ್ದು?"

ಅವಳಿಗೆ ನಗು ಬಂತು. ನಗುತ್ತಲೇ, ಆ ನೆಟ್ಟಗಿನ ಬೆನ್ನಿಗೆ, ಎಲ್ಲ ಹೇಳಿದಳು. ಬೆನ್ನಿಗೆ ಹೇಳುವುದು ಸುಲಭ. ರಿಪೋರ್ಟು, ಡಾಕ್ಟರು, ಡ್ರಾಪ್ಸು, ವ್ಯಾನು. ಹೇಳಿ ಮುಗಿಯುವಾಗ ನಗು ಇರಲಿಲ್ಲ.

ಅಶ್ವತ್ಥಪ್ಪ ಮತ್ತೆ ಬಲೆಗೆ ಕೈ ಹಾಕಿ ಹುಟ್ಟನ್ನು ಬಿಡಿಸಿಕೊಂಡರು. ಆಮೇಲೆ, "ಅದು ಒಂದು ಟೆಸ್ಟಾ? ಬೋಗುಣಿ ಒಳಗೆ ತಲೆ ಇಟ್ಕೊಂಡು, ಲೈಟು ಕಂಡಾಗೆಲ್ಲ ಗುಂಡಿ ಒತ್ತೋದು. ಏಸಿ ಬೇರೆ. ನಿದ್ದೆ ಬಂತು ಕಣಮ್ಮ ನಂಗೆ. ನಿದ್ದೆ ಮಾಡ್ದೋನಿಗೆ ಕುರುಡ ಅಂತ ಬರ್ದವ್ರೆ."

"ಕುರುಡ ಅಂತ ಯಾರೂ ಬರ್ದಿಲ್ಲ. ಸರಿ, ಈಗ ನಿದ್ದೆ ಬರ್ತಾ ಇಲ್ವಲ್ಲ? ನೇರ ನೋಡು. ಆ ಗುಡ್ಡದ ಮೇಲಿನ ಟವರ್ ನೋಡ್ತಾ ಇರು. ತಲೆ ತಿರುಗಿಸ್ಬಾರ್ದು."

"ತಲೆ ತಿರುಗಿಸ್ದೆ ಯಾವ ಡ್ರೈವರ್ ಗಾಡಿ ಓಡಿಸ್ತಾನೆ?"

"ಅಪ್ಪಾ."

"ಸರಿ, ಸರಿ."

ಹರ್ಷಿತಾ ಟೆಂಟಿನ ಮೂಟೆಯ ಮೇಲೆ ಮೊಣಕಾಲೂರಿ ಮುಂದಕ್ಕೆ ಬಂದು, ತನ್ನ ಹುಟ್ಟನ್ನು ಅವರ ಬಲಗಿವಿಯ ಆಚೆಯಿಂದ ನಿಧಾನಕ್ಕೆ ಮುಂದಕ್ಕೆ ತಂದಳು. ಅದರ ಅಗಲವಾದ ತುದಿ ಕಿವಿ ದಾಟಿ ಸ್ವಲ್ಪ ಬಂದದ್ದೇ, "ಹ್ಞಾಂ, ಕಾಣ್ತು," ಅಂದರು. ಗೆದ್ದ ದನಿ.

ಆಮೇಲೆ ಎಡಗಡೆ. ಹುಟ್ಟು ಕಿವಿ ದಾಟಿತು. ಕಪೋಲ ದಾಟಿತು. ಅಶ್ವತ್ಥಪ್ಪ ಟವರ್ ನೋಡುತ್ತಿದ್ದರು. ಹುಟ್ಟು ಇನ್ನೂ ಮುಂದೆ ಬಂತು. ಅವಳ ತೋಳು ನೋಯತೊಡಗಿತು. ಅವರು ಎಲ್ಲಿಂದಲೋ ಬರಬೇಕಾದ ಒಂದು ಬಸ್ಸಿಗೆ ಕಾದವರ ಹಾಗೆ ಕೂತಿದ್ದರು.

ಹುಟ್ಟಿನ ತುದಿಯಿಂದ ಅವರ ಎಡತೊಡೆಯ ಮೇಲೆ ನೀರು ತೊಟ್ಟಿಕ್ಕಿತು. ಒಂದು ತೊಟ್ಟು, ಇನ್ನೊಂದು ತೊಟ್ಟು.

ಅಶ್ವತ್ಥಪ್ಪ ತಲೆ ತಗ್ಗಿಸಿ ಒದ್ದೆಯಾದ ಪ್ಯಾಂಟನ್ನು ನೋಡಿದರು. ಆಮೇಲೆ ತಲೆಯೆತ್ತಿ, ಮೂಗಿನಿಂದ ಒಂದು ಗೇಣು ದೂರದಲ್ಲಿದ್ದ ಹುಟ್ಟನ್ನು ನೋಡಿದರು.

"ಇನ್ನೊಂದ್ಸಲ ಮಾಡು," ಅಂದರು.

ಮಾಡಿದಳು. ಮೂರು ಸಲ ಮಾಡಿದಳು.

(ಇಲ್ಲಿ ನನ್ನ ಕಡೆಯಿಂದ ಏನೂ ಇಲ್ಲ.)

೬

ಆಚೆ ದಡ. ಅಶ್ವತ್ಥಪ್ಪ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಟೆಂಟನ್ನು ಇಬ್ಬರೂ ಸೇರಿ ಎರಡು ಸಲ ತಲೆಕೆಳಗು ಕಟ್ಟಿ, ಮೂರನೇ ಸಲ ಸರಿಮಾಡಿದರು. ಬಿಸಿಲಿನ್ನೂ ಇತ್ತು. ಕುಕ್ಕರಿನ ವಿಷಲ್ಲಿಗೆ ಕೊಕ್ಕರೆಗಳೆಲ್ಲ ಎದ್ದು ಹಾರಿಹೋದವು. ಅನ್ನ, ಬಸ್ಸಾರು. ಬಸ್ಸಾರನ್ನು ಡಬ್ಬಿಯಲ್ಲಿ ಮನೆಯಿಂದಲೇ ತಂದಿದ್ದರು. ಕಾಡಿಗೆ ಹೋದರೂ ಸೊಣ್ಣಮ್ಮನ ಕೈ ಬಿಡುವುದಿಲ್ಲ.

ಊಟ ಮಾಡುತ್ತ ಅಶ್ವತ್ಥಪ್ಪ ಚೌಕಾಸಿ ಶುರುಮಾಡಿದರು.

"ಬೆಳಿಗ್ಗೆ ಟ್ರಿಪ್ ಮಾತ್ರ ಓಡಿಸ್ತೀನಿ. ಬೆಳಕಿರ್ತದೆ."

"ಅಪ್ಪ, ಇದಕ್ಕೂ ಬೆಳಕಿಗೂ ಸಂಬಂಧ ಇಲ್ಲ."

"ಅತೀಯಾ ಇರ್ತಾಳಲ್ಲ." ಅತೀಯಾ ವ್ಯಾನಿನ ಆಯಾ, ಮಕ್ಕಳನ್ನು ಹತ್ತಿಸಿ ಇಳಿಸುವವಳು. "ಎಡಗಡೆ ಅವಳು ನೋಡ್ತಾಳೆ. ಬಲಗಡೆ ನಾನು ನೋಡ್ತೀನಿ."

"ಅತೀಯಾ ಹತ್ರ ಬ್ರೇಕ್ ಇದ್ಯಾ?"

ಅಶ್ವತ್ಥಪ್ಪ ಒಂದು ತುತ್ತು ನುಂಗಿದರು. "ಪರೀಕ್ಷೆ ಮುಗಿಯೋವರೆಗೆ. ಮಾರ್ಚ್. ಪಾಪ, ಮಧ್ಯದಲ್ಲಿ ಮಕ್ಕಳಿಗೆ ತೊಂದರೆ."

ಹರ್ಷಿತಾ ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ತಾವೇ ಆಡಿದ್ದು ಅವರಿಗೆ ಆಗ ಕೇಳಿಸಿತು.

"ಇನ್ಯಾರು ಓಡಿಸ್ತಾರೆ?" ಅಂದರು ಆಮೇಲೆ, ಸಿಟ್ಟಿನಿಂದ. "ಗಯಾಸಾ?"

ಗಯಾಸ್ ಆರ್.ಟಿ. ನಗರದವನು. ಅಶ್ವತ್ಥಪ್ಪ ಮದುವೆ, ತಿರುಪತಿ ಅಂತ ಹೋದಾಗ ಬದಲಿಗೆ ವ್ಯಾನು ಓಡಿಸುವವನು. "ಗಯಾಸ್ ಚೆನ್ನಾಗೇ ಓಡಿಸ್ತಾನೆ," ಅಂದಳು ಹರ್ಷಿತಾ.

"ಓಡಿಸ್ತಾನೆ. ಮಕ್ಕಳ ಎಸರು ಗೊತ್ತಾ ಅವನಿಗೆ? ಎಲ್ಲಾರ್ನೂ ಚಿನ್ನೂ ಅಂತಾನೆ. ಹದಿನಾಲ್ಕು ಚಿನ್ನೂ. ಯಾವ ಚಿನ್ನೂಗೆ ಮುಂದಿನ ಸೀಟಲ್ಲಿ ಕೂತ್ರೆ ವಾಂತಿ, ಯಾವ ಚಿನ್ನೂ ಬಾಗ್ಲು ತೆಗೆಯೋಕ್ಮುಂಚೆ ಎದ್ದು ನಿಲ್ತದೆ... ಯಾವನಿಗೆ ಗೊತ್ತು?"

"ಬಾಗ್ಲು ತೆಗೆಯೋಕ್ಮುಂಚೆ ಎದ್ದು ನಿಲ್ಲೋದು ಯಾರು?"

"ಎರಡನೇ ಕ್ಲಾಸಿಂದು. ಇಳಿದಿದ್ದೇ ಗಾಡಿ ಪಕ್ಕದಲ್ಲೇ ಮುಂದಕ್ಕೆ ಓಡ್ತದೆ..." ಅಶ್ವತ್ಥಪ್ಪ ಅಲ್ಲಿಗೆ ಮಾತು ನಿಲ್ಲಿಸಿದರು. ಆ ಹುಡುಗಿ ಯಾವ ಕಡೆಯಿಂದ ಓಡುತ್ತಾಳೆ ಎಂದು ಅವರಾಗಲಿ, ಹರ್ಷಿತಾ ಆಗಲಿ ಹೇಳಲಿಲ್ಲ. ತಟ್ಟೆಯಲ್ಲಿ ಇನ್ನೂ ಅನ್ನ ಇತ್ತು. ಅವರು ಅದನ್ನು ಪೂರ್ತಿ ಉಂಡರು. ಅನ್ನ ಬಿಟ್ಟು ಏಳುವ ಜನವಲ್ಲ.

೭

ರಾತ್ರಿ ಏನಾಯಿತು? ಮಲಗಿದರು. ನಕ್ಷತ್ರಗಳಿದ್ದವು. ಅವುಗಳ ಬಗ್ಗೆ ನನಗೆ ಹೇಳುವಂಥದ್ದು ಏನೂ ಇಲ್ಲ. ಹನ್ನೆರಡು ಗಂಟೆಗೆ ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ವರ್ಷ ತಾನಾಗಿಯೇ ಬದಲಾಯಿತು.

೮

ಮುಕ್ತಾಯಗಳು ಇವೆ, ಬೇಕಾದ್ದು ಆರಿಸಿಕೊಳ್ಳಿ.

ಅ) ಜನವರಿ ಎರಡರಂದು ಅಶ್ವತ್ಥಪ್ಪ ವ್ಯಾನಿನ ಕೀಲಿಯನ್ನು ಗಯಾಸ್ ಕೈಗಿಟ್ಟು, ತಾವು ಅತೀಯಾ ಪಕ್ಕದ ಸೀಟಿನಲ್ಲಿ ಕೂತು, ಅವನಿಗೆ ಹದಿನಾಲ್ಕು ಮಕ್ಕಳ ಹೆಸರು ಕಲಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. (ಮಕ್ಕಳು ಬೆಳಿಗ್ಗೆ ಆರೂವರೆಗೆ ಚಪ್ಪಾಳೆ ತಟ್ಟಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ?)

ಆ) ಜನವರಿ ಎರಡರಂದು ಹರ್ಷಿತಾ ಏಳುವ ಮೊದಲೇ ವ್ಯಾನು ಹೋಗಿರುತ್ತದೆ. ಇದು ಹೆಚ್ಚು ನಿಜ. ಬರೆಯಲೂ ಸುಲಭ. ಆದರೆ ಬರೆದು ಓದಿದಾಗ ಆ ಎರಡನೇ ಕ್ಲಾಸಿನ ಹುಡುಗಿ ಕಣ್ಣಮುಂದೆ ಬಂದಳು. ಹರಿದೆ.

ಇ) ಹರ್ಷಿತಾ ಎಲ್ಲ ತಂದೆತಾಯಿಗಳ ವಾಟ್ಸಾಪ್ ಗುಂಪಿಗೆ ರಿಪೋರ್ಟು ಹಾಕುತ್ತಾಳೆ. "ಹಾಕ್ತಿದ್ದೆ," ಅಂದಳು ಹರ್ಷಿತಾ, ನಾನು ಕೇಳಿದಾಗ. "ಅಪ್ಪ ಒಪ್ಪದಿದ್ರೆ ಖಂಡಿತ ಹಾಕ್ತಿದ್ದೆ. ಆಮೇಲೆ ಅಪ್ಪ ನನ್ನ ಹತ್ರ ಮಾತಾಡ್ತಿರ್ಲಿಲ್ಲ. ಅದಕ್ಕೂ ರೆಡಿ ಇದ್ದೆ. ಬರ್ಕೊಳ್ಳಿ." ಬರೆದುಕೊಂಡೆ.

೯

ಹೊಸ ವರ್ಷದ ಬೆಳಿಗ್ಗೆ ಏಳೂವರೆ. ನೀರು ಚಾಪೆ ಹಾಸಿದ ಹಾಗಿತ್ತು. ಗಂಟುಮೂಟೆಯೆಲ್ಲ ಹೇರಿಯಾದ ಮೇಲೆ ಅಶ್ವತ್ಥಪ್ಪ ದೋಣಿಯ ಹಿಂದಿನ ಸೀಟಿನ ಹತ್ತಿರ ಹೋಗಿ ನಿಂತರು.

"ಇವತ್ತು ನಾನು ಇಂದೆ."

ಹರ್ಷಿತಾ ಅವರನ್ನೇ ನೋಡಿದಳು. ಕೆರೆಯಲ್ಲಿ ಬೇರೆ ದೋಣಿ ಇರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ. "ಎಡಗಡೆ ಏನಾದ್ರೂ ಬಂದ್ರೆ ನಾನು ಕೂಗ್ತೀನಿ," ಅಂದಳು.

"ಕೂಗು. ಕೂಗೋದು ನಿಮ್ಮಮ್ಮನ ಮನೆ ವಿದ್ಯೆ."

ಈಗ ಅವಳು ಮುಂದೆ, ಅವರು ಹಿಂದೆ. ಅವಳಿಗೆ ಕಾಣುತ್ತಿದ್ದದ್ದು ಬರೀ ನೀರು, ಆಚೆ ದಡ, ಭೀಮರಾಜರ ತಗಡಿನ ಶೆಡ್ಡು. ಅಪ್ಪನ ಮುಖ ಹೇಗಿದೆಯೋ ತಿಳಿಯುತ್ತಿರಲಿಲ್ಲ. ಹುಟ್ಟಿನ ಸದ್ದು ಮಾತ್ರ ಕೇಳುತ್ತಿತ್ತು, ಒಂದೇ ಲಯದಲ್ಲಿ. ಹತ್ತೇ ನಿಮಿಷದಲ್ಲಿ ಅವರಿಗೆ ಕೈ ಕುದುರಿತ್ತು. ದೋಣಿ ನೂಲು ಹಿಡಿದ ಹಾಗೆ ನೇರ ಹೋಯಿತು. ಹಿಂದಿನ ದಿನ ಅವಳ ಕೈಯಲ್ಲಿ ಅದು ಹಾವಿನಂತೆ ಹೋಗಿತ್ತು, ಒಪ್ಪಿಕೊಳ್ಳಬೇಕು. ಒಂದು ಕಡೆ ಕೊಳೆತ ಮರದ ತುಂಡು ತೇಲುತ್ತಿತ್ತು. "ಎಡಗಡೆ!" ಅಂದಳು. ಮಾತು ಮುಗಿಯುವ ಮೊದಲೇ ದೋಣಿ ಮೆತ್ತಗೆ ಬಲಕ್ಕೆ ಸರಿದು, ತುಂಡನ್ನು ದಾಟಿ, ಮತ್ತೆ ನೇರಕ್ಕೆ ಬಂತು. ಇಷ್ಟು ಚೆನ್ನಾಗಿ ಓಡಿಸುವವರನ್ನು ಇಳಿಸಬೇಕಲ್ಲ ಎಂದು ಅವಳಿಗೆ ಅನ್ನಿಸಿತು. (ಅನ್ನಿಸಲಿ ಬಿಡಿ. ಅದರಿಂದ ತೀರ್ಮಾನ ಬದಲಾಗುವುದಿಲ್ಲ.)

ಕೆರೆಯ ಅರ್ಧಕ್ಕೆ ಬಂದಾಗ ಹಿಂದೆ ಹುಟ್ಟಿನ ಸದ್ದು ನಿಂತಿತು.

ಗಾಡಿ ಓಡಿಸುವಾಗ ಅಶ್ವತ್ಥಪ್ಪ ಫೋನ್ ಮುಟ್ಟುವುದಿಲ್ಲ. ಬಸ್ಸಿನಲ್ಲಿ ಮುಟ್ಟಲಿಲ್ಲ, ವ್ಯಾನಿನಲ್ಲಿ ಮುಟ್ಟಲಿಲ್ಲ. ಹಿಂದಿನ ದಿನ ದೋಣಿಯಲ್ಲಿ ಮುಟ್ಟಿದಾಗ ಸ್ಟೇರಿಂಗು ಮಗಳ ಕೈಯಲ್ಲಿತ್ತು. ಈಗ ಹುಟ್ಟನ್ನು ದೋಣಿಯ ತಳದಲ್ಲಿ ಉದ್ದಕ್ಕೆ ಮಲಗಿಸಿದ ಸದ್ದು ಕೇಳಿಸಿತು. ಆಮೇಲೆ ಸ್ಪೀಕರಿನಲ್ಲಿ ರಿಂಗು.

"ಅಸ್ಸಲಾಮಾಲೇಕುಂ ಅಣ್ಣಾ! ಹ್ಯಾಪಿ ನ್ಯೂ ಇಯರ್! ಏನ್ ಸಮಾಚಾರ, ಇಷ್ಟ್ ಬೇಗ?"

"ಗಯಾಸ್, ನಾಳೆ ಬೆಳಿಗ್ಗೆ ಆರಕ್ಕೆ ಎಲ್ಲಿರ್ತೀಯಪ್ಪಾ?"

"ಯಾಕಣ್ಣಾ, ಮತ್ತೆ ತಿರುಪತಿನಾ? ಎಷ್ಟ್ ದಿನಕ್ಕೆ?"

ಹರ್ಷಿತಾ ಹಿಂದಿರುಗಿ ನೋಡಲಿಲ್ಲ. ನೋಡು ಎಂದು ನಾನು ಹೇಳಿದೆ, ಅವಳು ಕೇಳಲಿಲ್ಲ. ಎಷ್ಟು ದಿನಕ್ಕೆ ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರವಿತ್ತೋ ಇಲ್ಲವೋ, ಇದ್ದರೆ ಅದನ್ನು ಆಗಲೇ ಹೇಳಿದರೋ ನಾಳೆಗೆ ಮುಂದೂಡಿದರೋ, ನನ್ನನ್ನು ಕೇಳಬೇಡಿ. ಅದು ಅವರು ಹೇಳಬೇಕಾದ ಮಾತು, ನಾನು ಬರೆಯುವಂಥದ್ದಲ್ಲ.

ನನಗೆ ಕಂಡದ್ದು ಇಷ್ಟೇ: ಹಿಡಿಯುವವರಿಲ್ಲದ ದೋಣಿ ಗಾಳಿಗೆ ನಿಧಾನವಾಗಿ ಅಡ್ಡ ತಿರುಗತೊಡಗಿತ್ತು. ಅಶ್ವತ್ಥಪ್ಪ ಫೋನಿಗೆ ಕೈ ಅಡ್ಡ ಇಟ್ಟುಕೊಂಡು ಮುಂದಕ್ಕೆ ಕೂಗಿದರು.

"ಏಯ್, ದೋಣಿ ನೋಡ್ಕಮ್ಮಾ. ನಾನು ಫೋನಲ್ಲಿದೀನಿ."